ಮೇಜಿನ ಮೇಲೆ 1600 ಮೀಟರಿನ ಹಡಗು

1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಸಿನಿಮಾ ಶುರುವಾದ ಕೂಡಲೇ ಪರದೆಯ ಮೇಲೆ ಎರಡು ಬಾಹ್ಯಾಕಾಶ ಹಡಗುಗಳು ಬರುತ್ತವೆ. ಮುಂದೆ ತಪ್ಪಿಸಿಕೊಂಡು ಓಡುತ್ತಿರುವುದು ಬ್ಲಾಕೇಡ್ ರನ್ನರ್. ಕಥೆಯ ಲೆಕ್ಕದಲ್ಲಿ ಸುಮಾರು 150 ಮೀಟರ್ ಉದ್ದ. ಅದನ್ನು ಅಟ್ಟಿಸಿಕೊಂಡು ಬರುವುದು ಸ್ಟಾರ್ ಡಿಸ್ಟ್ರಾಯರ್, 1600 ಮೀಟರ್. ಆ ತ್ರಿಕೋನ ಹಡಗಿನ ಹೊಟ್ಟೆ ನೋಡುವವರ ನೆತ್ತಿಯ ಮೇಲಿಂದ ಹಾಯುತ್ತದೆ, ಹಾಯುತ್ತಲೇ ಇರುತ್ತದೆ, ಮುಗಿಯಿತು ಎನ್ನುವಷ್ಟರಲ್ಲಿ ಇನ್ನೂ ಉಳಿದಿರುತ್ತದೆ.

ಕ್ಯಾಮೆರಾದ ಮುಂದೆ ಇದ್ದ ಮಾದರಿಗಳ ಅಳತೆ ಕೇಳಿದರೆ ತಲೆ ತಿರುಗುತ್ತದೆ. ಓಡುವ ಪುಟ್ಟ ಹಡಗಿನ ಮಾದರಿ ಆರಡಿಗೂ ಹೆಚ್ಚು, 190 ಸೆಂ.ಮೀ. ದಾಟಿದ್ದು. ಅಟ್ಟುವ ದೈತ್ಯನ ಮಾದರಿ ಬರೀ ಮೂರಡಿ, 91 ಸೆಂ.ಮೀ. ಕಥೆಯಲ್ಲಿ ಹತ್ತು ಪಟ್ಟಿಗಿಂತ ದೊಡ್ಡದಾದ ಹಡಗು ಸ್ಟುಡಿಯೋದಲ್ಲಿ ಇನ್ನೊಂದರ ಅರ್ಧದಷ್ಟೂ ಇರಲಿಲ್ಲ. ಆದರೂ ಪರದೆಯ ಮೇಲೆ ನೋಡುವಾಗ ಆ ಅನುಮಾನವೇ ಬರುವುದಿಲ್ಲ. ಬಾಹ್ಯಾಕಾಶ ಹಡಗಿನ ಮಾದರಿಗಳನ್ನು ಗಾತ್ರದಲ್ಲಿ, ವಿವರದಲ್ಲಿ ಹೋಲಿಸಿ ನೋಡಬೇಕೆನ್ನುವವರು ಈ ಒಂದು ದೃಶ್ಯವನ್ನು ಮೊದಲು ಅರಗಿಸಿಕೊಳ್ಳಬೇಕು. ಉದ್ದ ಒಂದು ಲೆಕ್ಕ, ದೊಡ್ಡದಾಗಿ ಕಾಣುವುದು ಇನ್ನೊಂದು ಲೆಕ್ಕ. ಈ ಎರಡರ ನಡುವಿನ ಗಣಿತವೇ ಈ ಹವ್ಯಾಸದ ಜೀವ.

ಒಂದೇ ಸ್ಕೇಲ್‌ಗೆ ತಂದರೆ

ಬಿಡಿಭಾಗ ಜೋಡಿಸಿ ಮಾದರಿ ಮಾಡುವ ಕಿಟ್‌ನ ಪೆಟ್ಟಿಗೆಯ ಮೇಲೆ ಸ್ಕೇಲ್ 1/72, 1/350, 1/1000, 1/5000 ಎಂದು ಅಚ್ಚಾಗಿರುತ್ತದೆ. ಮೂಲ ಹಡಗಿನ ಉದ್ದವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕೈಗೆ ಬರುವ ಮಾದರಿಯ ಉದ್ದ ಸಿಗುತ್ತದೆ. ಸರಳ ಭಾಗಾಕಾರ. ಆದರೆ ಪ್ರತಿಯೊಂದು ಹಡಗಿಗೂ ಕಂಪನಿಗಳು ಬೇರೆ ಬೇರೆ ಸ್ಕೇಲ್ ಆರಿಸುವುದರಿಂದ ಅಂಗಡಿಯ ಕಪಾಟಿನಲ್ಲಿ ಎಲ್ಲ ಹಡಗುಗಳೂ ಹೆಚ್ಚುಕಮ್ಮಿ ಒಂದೇ ಗಾತ್ರದವಾಗಿ ಕಾಣುತ್ತವೆ. ಅವನ್ನೆಲ್ಲ ಒಂದೇ ಸ್ಕೇಲ್‌ಗೆ ತಂದು ಸಾಲಾಗಿ ನಿಲ್ಲಿಸಿದಾಗ ಅಚ್ಚರಿ ಶುರುವಾಗುತ್ತದೆ.

1/1000 ತೆಗೆದುಕೊಳ್ಳೋಣ, ಒಂದು ಮೀಟರ್ ಒಂದು ಮಿಲಿಮೀಟರ್ ಆಗುತ್ತದೆ. ‘ಸ್ಟಾರ್ ವಾರ್ಸ್’ನಲ್ಲಿ ಹಾನ್ ಸೋಲೋ ಹಾರಿಸುವ ಹಡಗು ಮಿಲೇನಿಯಂ ಫಾಲ್ಕನ್ 34.75 ಮೀಟರ್ ಉದ್ದದ್ದು, ಚಂದ್ರಯಾನ-3ನ್ನು ಹೊತ್ತೊಯ್ದ ನಮ್ಮ ಎಲ್‌ವಿಎಂ3 ರಾಕೆಟ್ಟಿಗಿಂತಲೂ ಸುಮಾರು ಒಂಬತ್ತು ಮೀಟರ್ ಮೋಟು. ಅದು ಇಲ್ಲಿ ಮೂರೂವರೆ ಸೆಂ.ಮೀ. ಆಗುತ್ತದೆ. ‘ಸ್ಟಾರ್ ಟ್ರೆಕ್’ ಸರಣಿಯ ಮೊದಲ ಎಂಟರ್‌ಪ್ರೈಸ್ 289 ಮೀಟರ್. ಇಲ್ಲಿ 29 ಸೆಂ.ಮೀ. 1987ರಲ್ಲಿ ಶುರುವಾದ ಸರಣಿಯ ಎಂಟರ್‌ಪ್ರೈಸ್-ಡಿ 642 ಮೀಟರ್. ಇಲ್ಲಿ 64 ಸೆಂ.ಮೀ. ಸ್ಟಾರ್ ಡಿಸ್ಟ್ರಾಯರ್ 1.6 ಮೀಟರ್ ಆಗಿ ಮೇಜು ದಾಟುತ್ತದೆ. ‘ಸ್ಟಾರ್ ವಾರ್ಸ್’ನ ಖಳ ಡಾರ್ತ್ ವೇಡರ್‌ನ ಎಕ್ಸಿಕ್ಯೂಟರ್ ಹಡಗಿಗೆ ಈಗ ಒಪ್ಪಿರುವ ಉದ್ದ 19 ಕಿ.ಮೀ.; 1/1000ದಲ್ಲಿ ಅದು 19 ಮೀಟರ್, ಮನೆಯೊಳಗೆ ಹಿಡಿಸುವುದಿಲ್ಲ. ಅದೇ ಕಥೆಯ ಯುದ್ಧನಿಲ್ದಾಣ, ಮೊದಲ ಡೆತ್ ಸ್ಟಾರ್‌ನ ವ್ಯಾಸ 160 ಕಿ.ಮೀ.; 1/1000ದಲ್ಲಿ 160 ಮೀಟರ್ ಎತ್ತರದ ಗೋಳ.

ಈಗ ವಿಮಾನ ಮಾದರಿಗಳ ಜನಪ್ರಿಯ ಸ್ಕೇಲ್ ಆದ 1/72ಕ್ಕೆ ಬನ್ನಿ. ಎಕ್ಸ್-ವಿಂಗ್ ಯುದ್ಧವಿಮಾನ ಒಂದು ಗೇಣಿಗೂ ಕಡಿಮೆ, ಸುಮಾರು 17 ಸೆಂ.ಮೀ. ಫಾಲ್ಕನ್ 48 ಸೆಂ.ಮೀ. ಎಂಟರ್‌ಪ್ರೈಸ್ ನಾಲ್ಕು ಮೀಟರ್. ಸ್ಟಾರ್ ಡಿಸ್ಟ್ರಾಯರ್ 22 ಮೀಟರ್. ಎಕ್ಸಿಕ್ಯೂಟರ್ ಎಷ್ಟಾಗುತ್ತದೆ? ಸುಮಾರು 264 ಮೀಟರ್. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಜಪಾನಿನ, ತೂಕದಲ್ಲಿ ಅತಿ ದೊಡ್ಡ ಯುದ್ಧನೌಕೆ ಎನಿಸಿದ ಯಮಾಟೊ 263 ಮೀಟರ್ ಇತ್ತು. ಅಂದರೆ ಎಕ್ಸಿಕ್ಯೂಟರ್‌ನ 1/72 ಮಾದರಿಯನ್ನು ಯಾರಾದರೂ ಮಾಡಿದರೆ, 1945ರ ಏಪ್ರಿಲ್ 7ರಂದು ಮುಳುಗಿದ ಆ ನಿಜವಾದ ನೌಕೆಯಷ್ಟೇ ಉದ್ದದ ಪ್ಲಾಸ್ಟಿಕ್ ಬೇಕು. ಡೆತ್ ಸ್ಟಾರ್‌ನ 1/72 ಮಾದರಿ 2.2 ಕಿ.ಮೀ. ವ್ಯಾಸದ್ದು; ಮಾದರಿಯೇ ಮೂಲ ಸ್ಟಾರ್ ಡಿಸ್ಟ್ರಾಯರ್‌ಗಿಂತ ದೊಡ್ಡದು.

ಪೆಟ್ಟಿಗೆ ನಿರ್ಧರಿಸಿದ ಸ್ಕೇಲ್

ಹಳೆಯ ಕಿಟ್‌ಗಳಲ್ಲಿ ಸ್ಕೇಲ್ ಎಂಬುದು ಆಯ್ಕೆಯಿಂದ ಬಂದದ್ದಲ್ಲ, ಪೆಟ್ಟಿಗೆಯಿಂದ ಬಂದದ್ದು. ಅಂಗಡಿಯ ಕಪಾಟಿಗೆ ಹೊಂದುವ ಪೆಟ್ಟಿಗೆ ಮೊದಲು. ಅದರೊಳಗೆ ಹಿಡಿಸುವ ಮಾದರಿ ಆಮೇಲೆ. ಸ್ಕೇಲ್ ಎಷ್ಟಾಯಿತೆಂಬ ಲೆಕ್ಕ ಕೊನೆಗೆ. ಅಮೆರಿಕದ ಎಎಂಟಿ ಕಂಪನಿ 1966ರಲ್ಲಿ ತಂದ ಎಂಟರ್‌ಪ್ರೈಸ್ ಕಿಟ್ ಸುಮಾರು 18 ಇಂಚು, ಒಂದು ಮೊಳ. ಸ್ಕೇಲ್ ಸುಮಾರು 1/650. ಅದೇ ಎಎಂಟಿಯ ಎಂಟರ್‌ಪ್ರೈಸ್-ಡಿ ಕಿಟ್ ಕೂಡ 18 ಇಂಚು, ಅದೇ ಒಂದು ಮೊಳ, ಸ್ಕೇಲ್ 1/1400. ಎರಡನ್ನೂ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಸಮ ನಿಲ್ಲುತ್ತವೆ. ಕಥೆಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಎರಡೂಕಾಲು ಪಟ್ಟು ಉದ್ದ, ಅದಕ್ಕೂ ಹೆಚ್ಚು ಪಟ್ಟು ಅಗಲ. ಕಪಾಟಿನ ಮೇಲೆ ಆ ಅಂತರವೆಲ್ಲ ಅಳಿಸಿಹೋಗುತ್ತದೆ.

ಆ 1966ರ ಮೊಳದುದ್ದದ ಕಿಟ್ ಟಿವಿ ಪರದೆಯ ಮೇಲೂ ನಟಿಸಿತು. ‘ಸ್ಟಾರ್ ಟ್ರೆಕ್’ನ 1967ರ ‘ದ ಡೂಮ್ಸ್‌ಡೇ ಮಷೀನ್’ ಕಂತಿನಲ್ಲಿ ಹಾಳಾಗಿ ತೇಲುವ ಕಾನ್ಸ್‌ಟಲೇಷನ್ ಎಂಬ ಹಡಗು ಬೇರೇನೂ ಅಲ್ಲ, ಅಂಗಡಿಯಲ್ಲಿ ಸಿಗುತ್ತಿದ್ದ ಎಎಂಟಿ ಕಿಟ್ಟನ್ನೇ ಸುಟ್ಟು ಒಡೆದು ಮಾಡಿದ್ದು. ಪೆಟ್ಟಿಗೆಯ ಜೊತೆ ಬಂದ, ಎಂಟರ್‌ಪ್ರೈಸ್‌ನ 1701 ಎಂಬ ಡೀಕಾಲ್ (ಅಂಟುಚಿತ್ರ) ಅಂಕಿಗಳನ್ನೇ ಆಚೀಚೆ ಮಾಡಿ 1017 ಎಂದು ಅಂಟಿಸಿದರು. ಅದರೆದುರು ನಿಂತ ಎಂಟರ್‌ಪ್ರೈಸ್‌ನ ಸ್ಟುಡಿಯೋ ಮಾದರಿ 3.4 ಮೀಟರ್ ಉದ್ದದ್ದು. ಏಳೂವರೆ ಪಟ್ಟು ದೊಡ್ಡದು. ಪರದೆಯ ಮೇಲೆ ಎರಡೂ ಒಂದೇ ಜಾತಿಯ ಹಡಗುಗಳು.

ಆ 3.4 ಮೀಟರಿನ ಮಾದರಿ 1974ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. 2016ರಲ್ಲಿ ಅದನ್ನು 1967ರ ರೂಪಕ್ಕೆ ಮರಳಿಸಿ ಮತ್ತೆ ಪ್ರದರ್ಶನಕ್ಕಿಟ್ಟರು. ಮರ, ಪ್ಲಾಸ್ಟಿಕ್‌ಗಳಿಂದ ಕಟ್ಟಿದ ಅದರ ಸ್ಕೇಲ್ ಸುಮಾರು 1/85. ಅದರ ಎಡಮೈಯಲ್ಲಿ ಹೆಚ್ಚಿನ ಅಲಂಕಾರವೇ ಇಲ್ಲ, ಏಕೆಂದರೆ ದೀಪಗಳ ವೈರುಗಳು ಆ ಕಡೆಯಿಂದ ಒಳಹೋಗುತ್ತಿದ್ದವು. ಚಿತ್ರೀಕರಣ ನಡೆದದ್ದು ಬಲಮೈಯಿಂದ. ಅಷ್ಟು ದೊಡ್ಡ ಎಂಟರ್‌ಪ್ರೈಸ್‌ಗೆ ಪೂರ್ತಿ ವಿವರ ಇರುವುದು ಒಂದೇ ಮಗ್ಗುಲಲ್ಲಿ.

ಉದ್ದ ಮೂರು ಪಟ್ಟು, ಹೊಟ್ಟೆ ಇಪ್ಪತ್ಮೂರು ಪಟ್ಟು

ಇದೇ ಎಂಟರ್‌ಪ್ರೈಸ್‌ನ ಇಂದಿನ ಕಿಟ್‌ಗಳು ಮೂರು ಮೆಟ್ಟಿಲಲ್ಲಿ ಸಿಗುತ್ತವೆ. 1/2500ರಲ್ಲಿ 11.5 ಸೆಂ.ಮೀ.; ಅಂಗೈಯಲ್ಲಿ ಕೂರುತ್ತದೆ. ಪೋಲಾರ್ ಲೈಟ್ಸ್‌ನ 1/1000 ಕಿಟ್ 29 ಸೆಂ.ಮೀ. ಅದೇ ಕಂಪನಿಯ 1/350 ಕಿಟ್ 82 ಸೆಂ.ಮೀ. ಮೀರುತ್ತದೆ. ಎರಡನೆಯದರಿಂದ ಮೂರನೆಯದಕ್ಕೆ ಹೋದರೆ ಉದ್ದ 2.86 ಪಟ್ಟು ಹೆಚ್ಚುತ್ತದೆ. ಆದರೆ ಬಣ್ಣ ಬಳಿಯಬೇಕಾದ ಮೈ ಎಂಟು ಪಟ್ಟು ಹೆಚ್ಚುತ್ತದೆ. ಒಳಗಿನ ಜಾಗ 23 ಪಟ್ಟು. ದೊಡ್ಡ ಕಿಟ್ ಕೊಂಡವರು ಬೆಚ್ಚುವುದು ಇಲ್ಲೇ. ಮೂರು ಪಟ್ಟು ದೊಡ್ಡದೆಂದು ಕೊಂಡ ಮಾದರಿ ಎಂಟು ಪಟ್ಟು ಬಣ್ಣ ಕುಡಿಯುತ್ತದೆ.

ಆ 23 ಪಟ್ಟು ಜಾಗದಲ್ಲಿ ವಿವರ ತುಂಬುತ್ತದೆ. 1/350 ಎಂಟರ್‌ಪ್ರೈಸ್‌ನ ಹಿಂಭಾಗದ ಬಾಗಿಲು ತೆರೆದರೆ ಹ್ಯಾಂಗರ್ ಇದೆ, ಅದರೊಳಗೆ ಎರಡು ಸೆಂ.ಮೀ. ಆಸುಪಾಸಿನ ಷಟಲ್ ನೌಕೆ ನಿಲ್ಲುತ್ತದೆ. ಈ ಸ್ಕೇಲ್‌ನಲ್ಲಿ ಮನುಷ್ಯ ಐದು ಮಿ.ಮೀ., ಅಕ್ಕಿಕಾಳಿನಷ್ಟು. ಅವನಿಗೆ ತಲೆ, ಕೈ, ಕಾಲು ಕೊಡಬಹುದು. 1/1000ದಲ್ಲಿ ಅವನು ಒಂದೂಮುಕ್ಕಾಲು ಮಿ.ಮೀ.; ಬರೀ ಚುಕ್ಕೆ.

ಜಪಾನಿನ ಇನ್ನೊಂದು ಯಮಾಟೊ ಇಲ್ಲಿ ನೆನಪಾಗುತ್ತದೆ. ಮುಳುಗಿದ ಯುದ್ಧನೌಕೆಯನ್ನು ಬಾಹ್ಯಾಕಾಶ ಹಡಗಾಗಿ ಮರುಹುಟ್ಟಿಸಿದ ಅನಿಮೇಷನ್ ಸರಣಿ 1974ರಲ್ಲಿ ಬಂತು. ಆಗ ಅದರ ಉದ್ದ 265.8 ಮೀಟರ್ ಎಂದಿದ್ದರು, ನಿಜವಾದ ನೌಕೆಗೆ ಹತ್ತಿರ. 2012ರ ಮರುನಿರ್ಮಾಣದಲ್ಲಿ ಅದನ್ನು 333 ಮೀಟರಿಗೆ ಹಿಗ್ಗಿಸಿದರು. ಬಾಂಡೈ ಕಂಪನಿ ಹಳೆಯ ಅಳತೆಯದಕ್ಕೆ 1/350ರಲ್ಲಿ ಸುಮಾರು 76 ಸೆಂ.ಮೀ. ಉದ್ದದ ಕಿಟ್ ಮಾಡಿತ್ತು. ಹೊಸ ಅಳತೆಯದಕ್ಕೆ 1/500ರಲ್ಲಿ 66.6 ಸೆಂ.ಮೀ. ಮೇಜಿನ ಮೇಲೆ ಮೊದಲನೆಯದು ಉದ್ದ. ಕಥೆಯಲ್ಲಿ ಎರಡನೆಯದು 67 ಮೀಟರ್ ಉದ್ದ. ಸೆಂಟಿಮೀಟರ್ ಹಿಡಿದು ಹೋಲಿಸುವವರು ತಪ್ಪು ಹಡಗನ್ನು ದೊಡ್ಡದೆನ್ನುತ್ತಾರೆ.

ಕಿಟ್‌ನೊಳಗಿನ ಕಿಟ್

ಮೂರಡಿಯ ಮಾದರಿ ಪರದೆಯ ಮೇಲೆ 1600 ಮೀಟರ್ ಆಗಿ ಕಂಡದ್ದು ಹೇಗೆ ಎಂಬುದಕ್ಕೆ ಉತ್ತರ ಗ್ರೀಬಲ್ ಎಂಬ ವಸ್ತುವಿನಲ್ಲಿದೆ. ಹಡಗಿನ ಮೈಮೇಲೆ ಒತ್ತೊತ್ತಾಗಿ ಅಂಟಿಸುವ ಪೈಪು, ಪೆಟ್ಟಿಗೆ, ಪಟ್ಟಿ, ಗುಬುಟುಗಳಿಗೆ ಮಾದರಿಕಾರರು ಇಟ್ಟ ಹೆಸರದು. ಲಾಸ್ ಏಂಜಲೀಸ್‌ನ ವ್ಯಾನ್ ನೈಸ್‌ನಲ್ಲಿ 1975ರಲ್ಲಿ ಶುರುವಾದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿ ಗ್ರಾಂಟ್ ಮೆಕ್ಯೂನ್, ಲೋರ್ನ್ ಪೀಟರ್‌ಸನ್, ಸ್ಟೀವ್ ಗಾಲಿ ಮುಂತಾದವರು ಅಂಗಡಿಗಳಿಂದ ಟ್ಯಾಂಕು, ಯುದ್ಧನೌಕೆ, ರೇಸ್ ಕಾರುಗಳ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿ ರಾಶಿ ತರಿಸಿ, ಬಿಡಿಭಾಗಗಳನ್ನು ಕಿತ್ತು ಹಡಗುಗಳಿಗೆ ಮೆತ್ತಿದರು. ಫಾಲ್ಕನ್ನಿನ ಐದಡಿ ಮಾದರಿಯ ಮೈಯೆಲ್ಲ ಇಂಥ ತುಣುಕುಗಳೇ. ಯಾವ ತುಣುಕು ಯಾವ ಕಿಟ್‌ನದೆಂದು ಇಂದಿಗೂ ಹವ್ಯಾಸಿಗಳು ಗುರುತಿಸುತ್ತಲೇ ಇದ್ದಾರೆ.

ಬಾಂಡೈ 2017ರಲ್ಲಿ ಆ ಐದಡಿ ಮಾದರಿಯನ್ನೇ ಆಧರಿಸಿ 1/72ರ ಪರ್ಫೆಕ್ಟ್ ಗ್ರೇಡ್ ಫಾಲ್ಕನ್ ತಂದಿತು, ಉದ್ದ 48.2 ಸೆಂ.ಮೀ. ಇದರ ಮೈಮೇಲೆ ಕಾಣುವ ಎಷ್ಟೋ ಗುಬುಟುಗಳು ಟ್ಯಾಂಕ್ ಮುಂತಾದ ಹಳೆಯ ಕಿಟ್‌ಗಳ ಬಿಡಿಭಾಗಗಳ ಕುಗ್ಗಿಸಿದ ಪ್ರತಿಗಳು. ಮೊದಲು ನಿಜವಾದ ಟ್ಯಾಂಕ್. ಅದರ ಚಿಕ್ಕ ಕಿಟ್. ಆ ಕಿಟ್‌ನ ಚೂರು ಹಡಗಿಗೆ ಅಂಟಿದ್ದು. ಆ ಹಡಗಿನ ಚಿಕ್ಕ ಕಿಟ್. ಒಂದೇ ತುಣುಕು ಎರಡು ಬಾರಿ ಕುಗ್ಗಿ, ನಡುವೆ ಒಮ್ಮೆ ಬೇರೊಂದು ಲೋಕದ ಯಂತ್ರವಾಗಿ ಬೆಳೆದು, ಈಗ ಜಪಾನಿನ ಉಕ್ಕಿನ ಅಚ್ಚಿನಿಂದ ನಮ್ಮ ಕೈಗೆ ಬರುತ್ತಿದೆ. ಕಾಕ್‌ಪಿಟ್‌ನಲ್ಲಿ ಕೂರಿಸಲು ಹಾನ್ ಸೋಲೋ, ಅವನ ಜೊತೆಗಾರ ಚೂಬಾಕಾ ಇದ್ದಾರೆ. ಈ ಸ್ಕೇಲ್‌ನಲ್ಲಿ ನಿಂತ ಮನುಷ್ಯ 24 ಮಿ.ಮೀ.

ಫಾಲ್ಕನ್‌ಗೆ ದೊಡ್ಡ ರೂಪಗಳೂ ಇವೆ. ವಾರವಾರವೂ ಕಂತುಕಂತಾಗಿ, ನೂರು ಕಂತುಗಳಲ್ಲಿ ಡಿಅಗೊಸ್ತಿನಿ ಕಂಪನಿ ಮಾರಿದ 1/43 ಮಾದರಿ 80 ಸೆಂ.ಮೀ. ಮೀರಿದ್ದು, ತೂಕ 11 ಕಿಲೋ. 1980ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ಗೆ ಬಳಸಿದ 32 ಇಂಚಿನ ಸ್ಟುಡಿಯೋ ಮಾದರಿಯ ಗಾತ್ರವೇ ಅದು. ಲೆಗೊ 2017ರಲ್ಲಿ ತಂದ ಫಾಲ್ಕನ್ 84 ಸೆಂ.ಮೀ., 7541 ತುಣುಕು. ತುಣುಕುಗಳ ಎಣಿಕೆಯಲ್ಲಿ ಅದು ಬೆರಗು. ಆದರೆ ಲೆಗೊದ ಎರಡು ಗುಬುಟುಗಳ ನಡುವಿನ ದೂರ 8 ಮಿ.ಮೀ.; ಆ ಮಾದರಿಯ ಸ್ಕೇಲ್‌ನಲ್ಲಿ ಅದು ಸುಮಾರು 33 ಸೆಂ.ಮೀ. ಅದಕ್ಕಿಂತ ಚಿಕ್ಕ ವಿವರಕ್ಕೆ ಅಲ್ಲಿ ಜಾಗ ಕಷ್ಟ. ಬಾಂಡೈ ಕಿಟ್‌ನ ಮೇಲೆ 0.2 ಮಿ.ಮೀ. ಅಗಲದ ಗೀರು ಇದೆ ಎಂದುಕೊಂಡರೆ ಅದು ನಿಜ ಹಡಗಿನಲ್ಲಿ ಒಂದೂವರೆ ಸೆಂ.ಮೀ.ಗೂ ಕಡಿಮೆ. ಉದ್ದದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರುವ ಕಿಟ್ ವಿವರದಲ್ಲಿ ಇಪ್ಪತ್ತು ಪಟ್ಟಿಗಿಂತ ಮುಂದೆ. ತುಣುಕಿನ ಎಣಿಕೆಯನ್ನು ವಿವರದ ಅಳತೆಯೆಂದು ನಂಬಬಾರದು.

ಗೀರು ಗೋಡೆಯಾಗುವ ಜಾಗ

ಸ್ಟಾರ್ ಡಿಸ್ಟ್ರಾಯರ್ ಕಿಟ್‌ಗಳಲ್ಲಿ ಎರಡು ಮುಖ್ಯ. ರಷ್ಯಾದ ಜ್ವೆಜ್ದಾ ಕಂಪನಿಯದು 1/2700, ಉದ್ದ 60 ಸೆಂ.ಮೀ. ಬಾಂಡೈ 2019ರಲ್ಲಿ ತಂದದ್ದು 1/5000, ಉದ್ದ 32 ಸೆಂ.ಮೀ. ಮೊದಲನೆಯದರ ಮೈ ಎರಡನೆಯದರ ಮೂರೂವರೆ ಪಟ್ಟು. ಗಾತ್ರಕ್ಕೆ ಜ್ವೆಜ್ದಾವೇ ಗೆಲ್ಲುತ್ತದೆ, ಮಾತೇ ಇಲ್ಲ. ಆದರೆ ಬಾಂಡೈ ಅಚ್ಚಿನ ಅಂಚುಗಳು ಎಷ್ಟು ಚೂಪು, ಗ್ರೀಬಲ್‌ಗಳು ಎಷ್ಟು ಒತ್ತು ಎಂದರೆ ಚದರ ಸೆಂ.ಮೀ. ಲೆಕ್ಕದಲ್ಲಿ ಚಿಕ್ಕದೇ ಹೆಚ್ಚು ವಿಸ್ತಾರವಾಗಿ ಕಾಣುತ್ತದೆ.

ಇಲ್ಲಿ ಒಂದು ಗಣಿತ ನಿರ್ದಯವಾಗಿ ಕೆಲಸ ಮಾಡುತ್ತದೆ. ಅದೇ 0.2 ಮಿ.ಮೀ. ಗೀರನ್ನು ಹಲಗೆಗಳ ನಡುವಿನ ಸಂದು ಎಂದು 1/350 ಎಂಟರ್‌ಪ್ರೈಸ್ ಮೇಲೆ ಕೊರೆದರೆ, ನಿಜ ಹಡಗಿನಲ್ಲಿ ಅದು ಏಳು ಸೆಂ.ಮೀ. ಸಂದು. 1/5000ದ ಮೇಲೆ ಕೊರೆದರೆ ಒಂದು ಮೀಟರ್ ಅಗಲದ ಕಾಲುವೆ. ಬಾಂಡೈಯ 11 ಸೆಂ.ಮೀ. ಉದ್ದದ 1/14500 ಪುಟಾಣಿ ಸ್ಟಾರ್ ಡಿಸ್ಟ್ರಾಯರ್ ಮೇಲೆ ಕೊರೆದರೆ ಸುಮಾರು ಮೂರು ಮೀಟರ್, ಲಾರಿ ಹೋಗುವ ರಸ್ತೆ. ಬಣ್ಣದ ಪದರವೂ ಹಾಗೆಯೇ. 0.03 ಮಿ.ಮೀ. ದಪ್ಪ ಬಳಿದಿರಿ ಎನ್ನಿ. 1/72 ಫಾಲ್ಕನ್ ಮೇಲೆ ಅದು ಎರಡು ಮಿ.ಮೀ.; 1/5000ದ ಮೇಲೆ 15 ಸೆಂ.ಮೀ. ಗೋಡೆ. ಸ್ಕೇಲ್ ಚಿಕ್ಕದಾದಷ್ಟೂ ಕೈ ತೆಳ್ಳಗಾಗಬೇಕು ಎಂದು ಹಳಬರು ಹೇಳುವುದು ಇದಕ್ಕೇ.

ಕಿಟಕಿಯ ದೀಪಗಳ ಲೆಕ್ಕ ಮಾತ್ರ ತಲೆಕೆಳಗು. ಮಾದರಿಗೆ ಬೆಳಕು ಹಾಯಿಸಲು ಬಳಸುವ ಆಪ್ಟಿಕಲ್ ಫೈಬರ್ 0.25 ಮಿ.ಮೀ. ದಪ್ಪದ್ದು ಎಂದಿಟ್ಟುಕೊಳ್ಳಿ. 1/350ರಲ್ಲಿ ಅದರ ತುದಿ ಒಂಬತ್ತು ಸೆಂ.ಮೀ. ತೂತು, ಕಿಟಕಿಗೆ ಚಿಕ್ಕದಾಯಿತು. 1/2700ರಲ್ಲಿ 67 ಸೆಂ.ಮೀ.; 1/5000ದಲ್ಲಿ ಒಂದೂಕಾಲು ಮೀಟರ್. ಮನುಷ್ಯ ನಿಂತು ಹೊರಗೆ ನೋಡುವ ಕಿಟಕಿಯ ಅಳತೆಯೇ ಇದು. ಸ್ಟಾರ್ ಡಿಸ್ಟ್ರಾಯರ್ ಮೈಯಲ್ಲಿ ಫೈಬರ್ ದೀಪ ಹಚ್ಚಿದ ತಕ್ಷಣ ಕಣ್ಣು ನಂಬುವುದು ಈ ಹೊಂದಾಣಿಕೆಯಿಂದ. 1980ರ ಸಿನಿಮಾಕ್ಕಾಗಿ ಸ್ಟಾರ್ ಡಿಸ್ಟ್ರಾಯರ್‌ನ ಮಾದರಿಯನ್ನು ಎಂಟಡಿಗೂ ಹೆಚ್ಚು ಉದ್ದಕ್ಕೆ ಹೊಸದಾಗಿ ಕಟ್ಟಿ ಒಳಗಿನಿಂದ ದೀಪ ತುಂಬಿದ್ದು ಇದೇ ನಂಬಿಕೆಗಾಗಿ.

ಕೊನೆಯ ಮೆಟ್ಟಿಲುಗಳು

ಇನ್ನೂ ಕೆಳಗಿಳಿಯಬಹುದು. ಬಾಂಡೈ ಎಕ್ಸಿಕ್ಯೂಟರ್ ಹಡಗನ್ನು 1/100000ರಲ್ಲಿ ಮಾಡಿದೆ. ಉದ್ದ 19 ಸೆಂ.ಮೀ., ಸುಮಾರು ಒಂದು ಗೇಣು. ಅದರ ಪಕ್ಕದಲ್ಲಿ ಅದೇ ಸ್ಕೇಲ್‌ನ ಸ್ಟಾರ್ ಡಿಸ್ಟ್ರಾಯರ್ ಇಟ್ಟರೆ 16 ಮಿ.ಮೀ.; ಫಾಲ್ಕನ್ ಒಂದು ಮಿ.ಮೀ.ನ ಮೂರನೇ ಒಂದು ಭಾಗ. ಎರಡನೇ ಡೆತ್ ಸ್ಟಾರ್‌ನ ಪುಟಾಣಿ ಮಾದರಿಯ ಪೆಟ್ಟಿಗೆ ಮೇಲೆ ಇನ್ನೂ ದೊಡ್ಡ ಸಂಖ್ಯೆ: 1/2700000. ಇಪ್ಪತ್ತೇಳು ಲಕ್ಷದಲ್ಲಿ ಒಂದು. ಆ ಸ್ಕೇಲ್‌ನಲ್ಲಿ 1600 ಮೀಟರಿನ ಸ್ಟಾರ್ ಡಿಸ್ಟ್ರಾಯರ್ 0.6 ಮಿ.ಮೀ., ಉಪ್ಪಿನ ಹರಳು. ಮನುಷ್ಯ 0.00065 ಮಿ.ಮೀ.; ನಮ್ಮ ರಕ್ತದ ಕೆಂಪು ಕಣಕ್ಕಿಂತ ಹತ್ತು ಪಟ್ಟು ಚಿಕ್ಕವನು, ಬ್ಯಾಕ್ಟೀರಿಯಾದ ಗಾತ್ರದವನು. ಇದರ ಮೇಲೆ 0.03 ಮಿ.ಮೀ. ಬಣ್ಣ ಬಳಿದರೆ ಅದು 81 ಮೀಟರ್ ದಪ್ಪ. ಎರಡು ಫಾಲ್ಕನ್‌ಗಳನ್ನು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿದರೂ ಬಣ್ಣದೊಳಗೇ ಮುಳುಗುತ್ತವೆ.

ಇನ್ನೊಂದು ತುದಿಯಲ್ಲಿ ಸ್ಕೇಲ್ 1/1. 2019ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ನಿಂತ ಫಾಲ್ಕನ್ ನೂರಡಿಗೂ ಹೆಚ್ಚು ಉದ್ದ. ಕಲ್ಪನೆಯ ಒಂದೇ ಹಡಗು ನೂರಡಿಯಿಂದ ಅಂಗೈವರೆಗೆ ಎಲ್ಲ ಅಳತೆಗಳಲ್ಲೂ ಮೈತಳೆದಿದೆ.

ಸ್ಕೇಲ್ ಎಂದರೆ ದೂರ

ಈ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ನನಗೆ ಸ್ಪಷ್ಟವಾಗಿ ಕಾಣುವುದು ಇಷ್ಟು. ಮಾದರಿಯನ್ನು ನಾವು ಸಾಮಾನ್ಯವಾಗಿ 30 ಸೆಂ.ಮೀ. ದೂರದಿಂದ ನೋಡುತ್ತೇವೆ. ಆ 30 ಸೆಂ.ಮೀ.ಯನ್ನೂ ಸ್ಕೇಲ್‌ನಿಂದ ಗುಣಿಸಬೇಕು. 1/72 ಫಾಲ್ಕನ್ ಮುಂದೆ ಕೂತವನು ನಿಜ ಹಡಗಿನಿಂದ 22 ಮೀಟರ್ ದೂರದಲ್ಲಿ ನಿಂತಿದ್ದಾನೆ. 1/350 ಎಂಟರ್‌ಪ್ರೈಸ್ ಮುಂದೆ 105 ಮೀಟರ್. 1/5000 ಸ್ಟಾರ್ ಡಿಸ್ಟ್ರಾಯರ್ ಮುಂದೆ ಒಂದೂವರೆ ಕಿ.ಮೀ. 1/100000ದ ಎಕ್ಸಿಕ್ಯೂಟರ್ ಮುಂದೆ 30 ಕಿ.ಮೀ. ಡೆತ್ ಸ್ಟಾರ್‌ನ ಆ ಪುಟಾಣಿ ಮುಂದೆ 810 ಕಿ.ಮೀ.

ಹೀಗಾಗಿ ವಿವರ ಎಷ್ಟಿದೆ ಎಂದು ಕೇಳುವುದು ಅರ್ಧ ಪ್ರಶ್ನೆ. ಆ ದೂರದಿಂದ ನೋಡಿದರೆ ಏನು ಕಾಣಬೇಕಿತ್ತೋ ಅದು ಕಾಣುತ್ತಿದೆಯೇ, ಕಾಣಬಾರದ್ದು ಮರೆಯಾಗಿದೆಯೇ ಎಂಬುದು ಪೂರ್ತಿ ಪ್ರಶ್ನೆ. 22 ಮೀಟರ್ ದೂರದಿಂದ ಪೈಪು, ತಿರುಪು, ಚಾಲಕನ ತಲೆ ಕಾಣಬೇಕು. ಬಾಂಡೈ ಫಾಲ್ಕನ್‌ನಲ್ಲಿ ಅವೆಲ್ಲ ಇವೆ. ಒಂದೂವರೆ ಕಿ.ಮೀ. ದೂರದಿಂದ ತಿರುಪು ಕಂಡರೆ ಹಡಗು ಆಟಿಕೆಯಾಗುತ್ತದೆ. ಅಲ್ಲಿ ಬೇಕಾದದ್ದು ಸಣ್ಣ ಬೆಳಕಿನ ಚುಕ್ಕೆಗಳು, ಒತ್ತೊತ್ತಾದ ನೆರಳು. ಮೂರಡಿಯ ಸ್ಟುಡಿಯೋ ಮಾದರಿ ಆರಡಿಯದನ್ನು ಪರದೆಯ ಮೇಲೆ ಕುಬ್ಜ ಮಾಡಿದ್ದು ಹೀಗೆಯೇ: ಅದರ ಮೈಮೇಲಿನ ಅತಿ ಚಿಕ್ಕ ಚೂರು ಸರಿಯಾದ ಅಳತೆಗೆ ಚಿಕ್ಕದಾಗಿತ್ತು.

ನನ್ನ ತೀರ್ಪು ಕೇಳಿದರೆ, ವಿವರಕ್ಕೆ ಬಾಂಡೈಯ 1/72 ಫಾಲ್ಕನ್, ಗಾತ್ರ ಮತ್ತು ವಿವರದ ಸಮತೋಲಕ್ಕೆ 1/350 ಎಂಟರ್‌ಪ್ರೈಸ್, ಅಗಾಧತೆಯ ಅನುಭವಕ್ಕೆ 32 ಸೆಂ.ಮೀ.ನ 1/5000 ಸ್ಟಾರ್ ಡಿಸ್ಟ್ರಾಯರ್. ಕೊನೆಯದು ಮೂರರಲ್ಲಿ ಉದ್ದದಲ್ಲಿ ಚಿಕ್ಕದು, ಅನುಭವದಲ್ಲಿ ದೊಡ್ಡದು. ಮುಂದೆ ಯಾವುದೇ ಕಿಟ್ ಕೊಳ್ಳುವಾಗ ಪೆಟ್ಟಿಗೆಯ ಉದ್ದ ಅಳೆಯಬೇಡಿ, ತುಣುಕು ಎಣಿಸಬೇಡಿ. ಮನುಷ್ಯನ ಎತ್ತರವನ್ನು, ಅಂದರೆ 1750 ಮಿ.ಮೀ. ಅನ್ನು, ಪೆಟ್ಟಿಗೆ ಮೇಲಿನ ಸಂಖ್ಯೆಯಿಂದ ಭಾಗಿಸಿ, ಬಂದಷ್ಟು ಎತ್ತರದ ಗೆರೆಯೊಂದನ್ನು ಕಾಗದದ ಮೇಲೆ ಎಳೆದು ಮಾದರಿಯ ನಿಜಗಾತ್ರದ ಚಿತ್ರದ ಕಿಟಕಿ, ಬಾಗಿಲುಗಳ ಪಕ್ಕದಲ್ಲಿ ಹಿಡಿಯಿರಿ. ಆ ಗೆರೆಯಷ್ಟು ಎತ್ತರದ ಮನುಷ್ಯ ಅಲ್ಲಿ ವಾಸಿಸಬಲ್ಲ ಎನಿಸಿದರೆ, ಆ ಕಿಟ್ ಕೊಳ್ಳಿ.